ಕೋವಿ ಒಲ್ಲದವರು ಹಿಡಿದ ಸುತ್ತಿಗೆ

1950ರ ಬೇಸಗೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಹೆಸ್ಟನ್ ಎಂಬ ಸಣ್ಣ ಊರಿನ ಮೆನೊನೈಟ್ ಚರ್ಚಿನ ಯುವ ದಂಪತಿಗಳು ಪಿಕ್‌ನಿಕ್ಕಿಗೆ ಸೇರಿದ್ದರು. ಎರಡನೆಯ ಮಹಾಯುದ್ಧವೇನೋ ಮುಗಿದಿದೆ, ನೆರೆಹೊರೆಗೆ ಕಷ್ಟ ಬಂದರೆ ನಾವು ಏನು ಮಾಡಬೇಕು ಎಂಬ ಮಾತು ಅಲ್ಲಿ ಎದ್ದಿತು. ಮರುವರ್ಷವೇ ಕ್ಯಾನ್ಸಸ್ಸಿನ ಹೊಳೆಗಳು ಉಕ್ಕಿ ಹರಿದವು, ಇವರು ಕೆಲಸಕ್ಕೆ ಇಳಿದರು. ಇವತ್ತು ಅಮೆರಿಕ, ಕೆನಡಾಗಳಲ್ಲಿ ಚಂಡಮಾರುತ, ನೆರೆ, ಕಾಳ್ಗಿಚ್ಚಿಗೆ ಸಿಕ್ಕವರ ಮನೆಗಳನ್ನು ಮತ್ತೆ ಕಟ್ಟಿಕೊಡುವ ಮೆನೊನೈಟ್ ಡಿಸಾಸ್ಟರ್ ಸರ್ವೀಸ್ ಶುರುವಾದದ್ದು ಹೀಗೆ.

ನಾನು ರಾಯಚೂರು ಕಡೆಯವನು, ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವನು. ಮಗಳ ಮನೆ ವಿಚಿಟಾದಲ್ಲಿರುವುದರಿಂದ ಹೆಸ್ಟನ್ ನನಗೆ ಹತ್ತಿರದ ಊರಾಯಿತು. ದಾನಧರ್ಮ ಎಲ್ಲ ಮತಗಳಲ್ಲೂ ಇದೆ. ಆದರೆ ಸ್ವಂತ ಖರ್ಚಿನಲ್ಲಿ ಸಾವಿರ ಮೈಲಿ ಹೋಗಿ ಗುರುತಿಲ್ಲದವರ ಮಾಡು ಹೊದಿಸುವ ಈ ರೂಢಿಯ ಬೇರು ಎಲ್ಲಿದೆ ಎಂದು ಹುಡುಕಿದರೆ, ಅದು ದಾನಕ್ಕಿಂತ ಆಳದಲ್ಲಿ, ಆಯುಧ ಮುಟ್ಟುವುದಿಲ್ಲ ಎಂಬ ಹಟದಲ್ಲಿ ಸಿಗುತ್ತದೆ.

1536ರಲ್ಲಿ ಕ್ಯಾಥೊಲಿಕ್ ಪಾದ್ರಿತನ ಬಿಟ್ಟ ಮೆನ್ನೊ ಸೈಮನ್ಸ್ ಎಂಬ ಡಚ್ಚನ ಹೆಸರು ಈ ಮೆನೊನೈಟ್ ಪಂಥಕ್ಕಿದೆ. ಬುದ್ಧಿ ಬಲಿತ ಮೇಲೆಯೇ ದೀಕ್ಷಾಸ್ನಾನ, ಕತ್ತಿ ಹಿಡಿಯುವುದಿಲ್ಲ. ಇಷ್ಟಕ್ಕೇ ಯುರೋಪಿನ ರಾಜರು, ಪಾದ್ರಿಗಳು ಇವರನ್ನು ನೀರಿಗೆ ನೂಕಿದರು, ಸುಟ್ಟರು. ಓಡಿ ಓಡಿ ರಷ್ಯದ ದಕ್ಷಿಣದ ಬಯಲಿಗೆ ಬಂದರೆ, 1870ರ ದಶಕದಲ್ಲಿ ಅಲ್ಲಿಯೂ ಸೈನ್ಯದಿಂದ ಇದ್ದ ವಿನಾಯಿತಿ ಹೋಯಿತು. 1874ರಿಂದ ಸಾವಿರಾರು ಜನ ಕ್ಯಾನ್ಸಸ್ಸಿಗೆ ಬಂದು ಗೋಧಿ ಬಿತ್ತಿದರು. ಒಬ್ಬನ ಕಣಜದ ಕೊಟ್ಟಿಗೆಯನ್ನು ಊರೆಲ್ಲ ಸೇರಿ ಎಬ್ಬಿಸುವುದು ಇವರಲ್ಲಿ ಹಳೆಯ ಪದ್ಧತಿ. ನಮ್ಮ ಮುಯ್ಯಾಳಿನ ಹಾಗೆಯೇ: ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು.

ಮೊದಲ ಮಹಾಯುದ್ಧದಲ್ಲಿ ಅದೇ ಕ್ಯಾನ್ಸಸ್ಸಿನಲ್ಲಿ ಇವರ ಮನೆಗಳಿಗೆ ಹಳದಿ ಬಣ್ಣ ಬಳಿದರು. ಜರ್ಮನ್ ಮಾತಾಡುವವರು, ಸೈನ್ಯಕ್ಕೆ ಬರದವರು, ಹೇಡಿಗಳು ಎಂಬ ಹಣೆಪಟ್ಟಿ ಅದು. ಎರಡನೆಯ ಯುದ್ಧದ ಹೊತ್ತಿಗೆ ಸರ್ಕಾರ ಬೇರೆ ದಾರಿ ತೆರೆಯಿತು. 1941ರಿಂದ 1947ರವರೆಗೆ ಸುಮಾರು 12,000 ಮಂದಿ ಕೋವಿಯ ಬದಲು ಕಾಡು, ಮಣ್ಣಿನ ರಕ್ಷಣೆ, ಮಾನಸಿಕ ಆಸ್ಪತ್ರೆಗಳಲ್ಲಿ ದುಡಿದರು. ಅವರಲ್ಲಿ ಮೆನೊನೈಟರೇ ಸುಮಾರು 40 ಪ್ರತಿಶತ. ಸರ್ಕಾರದಿಂದ ಸಂಬಳವಿಲ್ಲ, ಚರ್ಚುಗಳೇ ಹೊಟ್ಟೆ ನೋಡಿಕೊಂಡವು. ಅಪರಿಚಿತರಿಗಾಗಿ ಗುಂಪಾಗಿ, ಕೂಲಿಯಿಲ್ಲದೆ ದುಡಿಯುವುದನ್ನು ಕಲಿತು ಮರಳಿದ ಆ ತಲೆಮಾರೇ ಹೆಸ್ಟನ್ನಿನಲ್ಲಿ ಮಾತಾಡಿದ್ದು. ಮುಯ್ಯಾಳು ಇಲ್ಲಿ ಮುಯ್ಯಿಯನ್ನು ದಾಟಿತು. ಮಿಸಿಸಿಪ್ಪಿಯ ಕರಾವಳಿಯಲ್ಲಿ ಮನೆ ಕಳೆದುಕೊಂಡ ಮುದುಕಿ ಕ್ಯಾನ್ಸಸ್ಸಿಗೆ ಬಂದು ಇವರ ಗೋಧಿ ಕೊಯ್ಯುವವಳಲ್ಲ.

1955ರ ಮೇ ತಿಂಗಳ ಒಂದು ರಾತ್ರಿ ಸುಂಟರಗಾಳಿ ಕ್ಯಾನ್ಸಸ್ಸಿನ ಉಡಾಲ್ ಎಂಬ ಪುಟ್ಟ ಊರನ್ನು ಗುಡಿಸಿಹಾಕಿತು, ಸುಮಾರು 80 ಜನ ಸತ್ತರು; ಅಲ್ಲಿಗೆ ಇವರು ಹೋದರು. 1964ರಲ್ಲಿ ಮಿಸಿಸಿಪ್ಪಿಯಲ್ಲಿ ಬೀಸಿದ್ದು ದ್ವೇಷದ ಗಾಳಿ. ಮತದಾನದ ಹಕ್ಕು ಕೇಳಿದ ಕಪ್ಪು ಜನರ ಹತ್ತಾರು ಚರ್ಚುಗಳು ಬೆಂಕಿಗೆ ಸಿಕ್ಕವು. ಅವನ್ನು ಮತ್ತೆ ಎಬ್ಬಿಸಿದವರಲ್ಲಿ ಮೆನೊನೈಟರೂ ಇದ್ದರು. ನನ್ನ ಮಟ್ಟಿಗೆ ಇವರ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸವಿಲ್ಲ. ಮಳೆಗಾಳಿಗೆ ಬಿದ್ದ ಮನೆ ಕಟ್ಟಿದರೆ ಯಾರಿಗೂ ಸಿಟ್ಟು ಬರುವುದಿಲ್ಲ, ಅಲ್ಲಿ ಗೋಡೆ ಎಬ್ಬಿಸಿದರೆ ಬರುತ್ತಿತ್ತು. ಆಮೇಲೆ 1969ರ ಕಮೀಲ್, 2005ರ ಕಟ್ರೀನಾ ಚಂಡಮಾರುತಗಳು, 2007ರಲ್ಲಿ ಸುಂಟರಗಾಳಿಗೆ ನೆಲಸಮವಾದ ಕ್ಯಾನ್ಸಸ್ಸಿನ ಗ್ರೀನ್ಸ್‌ಬರ್ಗ್. 1990ರ ಮಾರ್ಚ್ 13ರಂದು ಅತಿ ತೀವ್ರ ದರ್ಜೆಯ ಸುಂಟರಗಾಳಿ ಹೊಡೆದದ್ದು ಹೆಸ್ಟನ್ನಿಗೇ.

ಕೆಲಸದ ಕ್ರಮ ನನ್ನಂಥವನಿಗೆ ಬಹಳ ಹಿಡಿಸುತ್ತದೆ. ಟಿ.ವಿ.ಯವರು, ಬಟ್ಟೆ-ಬಿಸ್ಕತ್ತು ಹಂಚುವವರು ಹೊರಟುಹೋದ ಮೇಲೆ ಇವರ ನಿಜವಾದ ಕೆಲಸ ಆರಂಭ. ಅದು ವರ್ಷಗಟ್ಟಲೆ ನಡೆಯುವುದೂ ಉಂಟು. ವಿಮೆಯಿಲ್ಲದವರು, ವಯಸ್ಸಾದವರು, ಅಂಗವಿಕಲರು ಮೊದಲು. ಬಂದವರಿಗೆ ಊಟ, ಹಾಸಿಗೆ ಸಿಗುತ್ತದೆ, ದಾರಿಖರ್ಚು ಅವರದೇ. ಹೆಚ್ಚಿನವರು ಒಂದು ವಾರವಿದ್ದು ಹೋಗುತ್ತಾರೆ. ಮೇಸ್ತ್ರಿ, ಅಡುಗೆಯವರು ಇನ್ನೂ ಹೆಚ್ಚು ದಿನ ನಿಲ್ಲುತ್ತಾರೆ. ಹಾಗಾಗಿ ಒಂದು ವಾರದವರು ಕಟ್ಟಿದ ಚೌಕಟ್ಟಿಗೆ ಮುಂದಿನ ವಾರದವರು ಹಲಗೆ ಹೊಡೆದರೂ ಕೆಲಸ ಅಂಕೆ ತಪ್ಪುವುದಿಲ್ಲ. ಮನೆ ಮುಗಿದರೆ ಪ್ರಾರ್ಥನೆ ಸಲ್ಲಿಸಿ ಒಪ್ಪಿಸುತ್ತಾರೆ.

2009ರ ನೆರೆಯಲ್ಲಿ ನಮ್ಮ ಕಡೆ ಮಣ್ಣಿನ ಮಾಳಿಗೆಗಳು ನೆನೆದು ಕುಸಿದವು. ಆಮೇಲೆ ಎದ್ದ ಹೊಸ ಊರುಗಳ ಎಷ್ಟೋ ಮನೆಗಳಲ್ಲಿ ಎತ್ತು ಕಟ್ಟಲು, ಜೋಳದ ಚೀಲ ಒಟ್ಟಲು ಜಾಗವಿರಲಿಲ್ಲ; ಜನ ಕೀಲಿ ಹಾಕಿ ಹಳೆಯ ಊರಿಗೇ ನಡೆದರು. ಗೋಡೆ ಗಟ್ಟಿಯಾಗಿಯೇ ಇತ್ತು. ಅಲ್ಲಿ ಬಾಳುವವಳ ಜೊತೆ ಕೂತು ಚಹಾ ಕುಡಿದು, ಒಲೆ ಎಲ್ಲಿ, ಎಮ್ಮೆ ಎಲ್ಲಿ ಎಂದು ಕೇಳುವ ಹೊತ್ತು ಯಾವ ಅಂದಾಜುಪಟ್ಟಿಯಲ್ಲೂ ಇರಲಿಲ್ಲ. ಮೆನೊನೈಟ್ ಹಿರಿಯರು ಹೊಸಬರಿಗೆ ಮೊಳೆ ಹೊಡೆಯಲು ಕಲಿಸುತ್ತಾರೆ. ಮನೆಯವರು ಮಾತಿಗೆ ನಿಂತರೆ ಸುತ್ತಿಗೆ ಕೆಳಗಿಟ್ಟು ಕೇಳುವುದನ್ನೂ ಕಲಿಸುತ್ತಾರೆ. ಮುಂದಿನ ನೆರೆ ಬರುವ ಮೊದಲು ನಮ್ಮ ಎಂಜಿನಿಯರ್ ಹುಡುಗ ಹುಡುಗಿಯರಿಗೆ ಈ ಎರಡನೆಯದನ್ನು ಯಾರಾದರೂ ಕಲಿಸಲಿ.