ಹನ್ನೆರಡು ಔನ್ಸಿನ ನೇಮ

ಊಟ ಬಲ್ಲವನಿಗೆ ರೋಗವಿಲ್ಲವೆಂದು ನಮ್ಮ ಹಿರಿಯರು ಹೇಳಿದ್ದಾರೆ. ಊಟವನ್ನು ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಬಲ್ಲದ್ದನ್ನು ಬಿಡದೆ ವರ್ಷಗಟ್ಟಲೆ ನಡೆಸಿದವರನ್ನು ಮಾತ್ರ ಹುಡುಕಬೇಕಾಗುತ್ತದೆ. ಹಾಗೆ ಹುಡುಕುವಾಗ ಇತಿಹಾಸದಲ್ಲಿ ನನಗೆ ದೊರೆತ ಒಬ್ಬನ ವಿಚಾರವನ್ನು ಇಲ್ಲಿ ಅರಿಕೆ ಮಾಡುತ್ತೇನೆ. ಆತ ಋಷಿಯೂ ಅಲ್ಲ, ವೈದ್ಯನೂ ಅಲ್ಲ. ಹದಿನಾರನೆಯ ಶತಮಾನದಲ್ಲಿ ಇಟಲಿಯ ಪಾದುವಾ ನಗರದಲ್ಲಿದ್ದ ಸಿರಿವಂತ ಭೂಮಾಲೀಕ. ಹೆಸರು ಅಲ್ವೀಸೆ ಕೊರ್ನಾರೊ.

ಈತ ಜೌಗು ನೆಲದ ನೀರನ್ನು ಬಸಿದು ಬೇಸಾಯಕ್ಕೆ ತಂದವನು. ಕಲಾವಿದರಿಗೆ ಆಶ್ರಯ ಕೊಟ್ಟವನು. 1524ರಲ್ಲಿ ಫಾಲ್ಕೊನೆತ್ತೊ ಎಂಬ ವಾಸ್ತುಶಿಲ್ಪಿ ಇವನಿಗಾಗಿ ಕಟ್ಟಿದ ಮಂಟಪ ಪಾದುವಾದಲ್ಲಿ ಈಗಲೂ ನಿಂತಿದೆ. ಯೌವನದಲ್ಲಿ ಇವನ ತಿನಿಸಿಗೂ ಕುಡಿತಕ್ಕೂ ಅಂಕೆಯಿರಲಿಲ್ಲ. ನಲವತ್ತು ತುಂಬುವ ಮೊದಲೇ ಹೊಟ್ಟೆನೋವು, ಕೀಲುವಾತ, ಆರದ ಸಣ್ಣ ಜ್ವರ ಇವನನ್ನು ಹಿಡಿದವು. ಪಥ್ಯ ಹೇಳಿದ ವೈದ್ಯರ ಕಣ್ಣು ತಪ್ಪಿಸಿ ಬೇಕಾದುದನ್ನು ತಿನ್ನುತ್ತಿದ್ದನೆಂದು ತಾನೇ ಬರೆದಿದ್ದಾನೆ. ಮಿತವೂ ಕ್ರಮವೂ ಆದ ಬಾಳನ್ನು ಹಿಡಿಯದಿದ್ದರೆ ಉಳಿದಿರುವುದು ಕೆಲವೇ ತಿಂಗಳೆಂದು ವೈದ್ಯರು ಕಡೆಗೆ ಸ್ಪಷ್ಟವಾಗಿ ಹೇಳಿದರು.

ನಾಲಗೆಗೆ ರುಚಿಸಿದ್ದು ದೇಹಕ್ಕೂ ಒಗ್ಗುತ್ತದೆಂಬ ನಾಣ್ಣುಡಿ ಆ ನಾಡಿನಲ್ಲಿಯೂ ಇತ್ತು. ಕೊರ್ನಾರೊ ಅದನ್ನು ತನ್ನ ಮೇಲೆಯೇ ಪರೀಕ್ಷಿಸಿ, ಸುಳ್ಳೆಂದು ಕಂಡುಕೊಂಡ. ಒಗ್ಗದುದನ್ನು ಒಂದೊಂದಾಗಿ ಬಿಟ್ಟ. ರೊಟ್ಟಿ, ಮೊಟ್ಟೆಯ ಹಳದಿ, ಮಾಂಸ, ಸಾರು ಎಲ್ಲ ಸೇರಿ ದಿನಕ್ಕೆ 12 ಔನ್ಸ್. ಆ ದೇಶದಲ್ಲಿ ಊಟದೊಡನೆ ಕುಡಿಯುವ ದ್ರಾಕ್ಷಾರಸ 14 ಔನ್ಸ್. ಇದು ಅವನು ತನಗೆ ಹಾಕಿಕೊಂಡ ಅಳತೆ. ವರ್ಷದೊಳಗೆ ಕಾಯಿಲೆಗಳು ಬಿಟ್ಟುಹೋದವು.

ಈ ನೇಮಕ್ಕೆ ದೊಡ್ಡ ಪರೀಕ್ಷೆ ಬಂದದ್ದು ಪ್ರೀತಿಯ ಕಡೆಯಿಂದ. ವಯಸ್ಸಾದ ಮೇಲೆ ಇಷ್ಟು ಕಡಿಮೆ ತಿಂದರೆ ಹೇಗೆಂದು ಮಿತ್ರರು, ಬಂಧುಗಳು, ವೈದ್ಯರು ಕೂಡ ಒತ್ತಾಯಕ್ಕೆ ತೊಡಗಿದರು. ನಮ್ಮಲ್ಲಿ ‘ಇನ್ನೊಂದೇ ಒಂದು ಹೋಳಿಗೆ’ ಎಂದು ಎಲೆಯ ಮುಂದೆ ನಿಲ್ಲುವುದೂ ಇದೇ ಪ್ರೀತಿ. ವಯಸ್ಸಿನೊಡನೆ ಜಠರದ ಶಕ್ತಿ ಕುಗ್ಗುವುದರಿಂದ ಆಹಾರವೂ ಕುಗ್ಗಬೇಕಲ್ಲವೆ ಎಂದು ಅವನು ವಾದಿಸಿದ. ಕಡೆಗೆ ಅವರ ಮನಸ್ಸು ನೋಯಬಾರದೆಂದು 12ನ್ನು 14ಕ್ಕೆ, 14ನ್ನು 16ಕ್ಕೆ ಏರಿಸಿದ. ಕೆಲವೇ ದಿನಗಳಲ್ಲಿ ಲವಲವಿಕೆಯ ಮನುಷ್ಯ ಸಿಡುಕನಾದ. ಹನ್ನೆರಡನೆಯ ದಿನ ಪಕ್ಕೆಯಲ್ಲಿ ತೀವ್ರವಾದ ನೋವು. ಆಮೇಲೆ 35 ದಿನಗಳ ಜ್ವರ. ಹಳೆಯ ಅಳತೆಗೆ ಮರಳಿದುದರಿಂದಲೇ ಬದುಕಿದೆನೆಂದು ಅವನ ನಂಬಿಕೆ.

ಮಿತಜೀವನವನ್ನು ಕುರಿತ ಅವನ ಪುಸ್ತಕ 1558ರಲ್ಲಿ ಪಾದುವಾದಲ್ಲಿ ಅಚ್ಚಾಯಿತು. ಕವಿ ಜಾರ್ಜ್ ಹರ್ಬರ್ಟ್ ಮಾಡಿದ ಇಂಗ್ಲಿಷ್ ಅನುವಾದ 1634ರಲ್ಲಿ ಹೊರಬಂದಿತು. ಆಕ್ಷೇಪಣೆಗಳೂ ಬಂದವು. 1889ರಲ್ಲಿ ಪ್ರಕಟವಾದ ಕೃತಿಯೊಂದರಲ್ಲಿ ನೀಚೆ, ಈತ ಕಾರ್ಯವನ್ನೇ ಕಾರಣವೆಂದು ತಿಳಿದನೆಂದ: ದೇಹದ ಪಚನಕ್ರಿಯೆ ನಿಧಾನವಾಗಿದ್ದುದರಿಂದ ಕಡಿಮೆ ತಿಂದನೇ ಹೊರತು ಕಡಿಮೆ ತಿಂದುದರಿಂದ ಬಾಳಲಿಲ್ಲವೆಂಬುದು ಅವನ ವಾದ. ನೂರರ ಸಮೀಪ ಬದುಕಿದನೆಂಬ ಕೀರ್ತಿಯನ್ನೂ ಇತಿಹಾಸಕಾರರು ಉಳಿಸಿಲ್ಲ. ಅವರ ಎಣಿಕೆಯಂತೆ ಅವನು ಹುಟ್ಟಿದ್ದು 1484ರ ಸುಮಾರಿಗೆ, ತೀರಿಕೊಂಡದ್ದು 1566ರಲ್ಲಿ. ತನ್ನ ವಯಸ್ಸಿಗೆ ಅವನು ಕೆಲವು ವರ್ಷಗಳನ್ನು ಸೇರಿಸಿಕೊಂಡಿದ್ದ. ಊಟದ ತಕ್ಕಡಿಯಲ್ಲಿ ಇದ್ದ ನಿಷ್ಠುರತೆ ವಯಸ್ಸಿನ ಲೆಕ್ಕದಲ್ಲಿ ಇರಲಿಲ್ಲ. ಆದರೂ ಆ ಕಾಲಕ್ಕೆ ಎಂಬತ್ತು ದಾಟಿದ ಆರೋಗ್ಯ ಸಣ್ಣದೇನಲ್ಲ.

ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಇವನ ಆಶ್ರಯದಲ್ಲಿಯೇ ಬೆಳೆದ ನಾಟಕಕಾರ ರುಜಾಂತೆ, ಪಾದುವಾದ ರೈತರ ಆಡುಮಾತಿನಲ್ಲಿ ಅವರ ಹಸಿವನ್ನು ರಂಗಕ್ಕೆ ತಂದವನು. 1520ರ ದಶಕದ ಕೊನೆಯ ಕ್ಷಾಮ ಅವನ ನಾಟಕದೊಳಗೇ ಬಂದಿದೆ. ಯಜಮಾನ ಹನ್ನೆರಡು ಔನ್ಸನ್ನು ಆರಿಸಿಕೊಂಡ. ಸುತ್ತಲಿನ ಹಳ್ಳಿಗಳಲ್ಲಿ ಆರಿಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ಮಿತಾಹಾರ ಉಳ್ಳವನಿಗೆ ವ್ರತ, ಇಲ್ಲದವನಿಗೆ ವಿಧಿ. ಊಟದ ನೇಮವನ್ನು ಕುರಿತು ಮಾತನಾಡುವಾಗ ನಾವು ಇದನ್ನು ಮರೆಯಲಾಗದು.

ಎಲ್ಲರೂ ತನ್ನಷ್ಟೇ ತಿನ್ನಬೇಕೆಂದು ಕೊರ್ನಾರೊ ಹೇಳಲಿಲ್ಲ. ಅವರವರ ದೇಹಕ್ಕೆ ಅವರವರೇ ವೈದ್ಯರೆಂಬುದು ಅವನ ಮತ. ಆದ್ದರಿಂದ ಹನ್ನೆರಡು ಎಂಬ ಅಂಕೆ ನಮಗೆ ಬೇಕಾಗಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಅವನು ನಡೆಸಿದ ರೀತಿ. ಎಷ್ಟು ತಿನ್ನಬೇಕೆಂಬುದನ್ನು ಅವನು ಊಟಕ್ಕೆ ಕುಳಿತಾಗ ನಿರ್ಧರಿಸುತ್ತಿರಲಿಲ್ಲ. ತಟ್ಟೆಯ ಮುಂದೆ ಹಸಿವು, ರುಚಿ, ದಾಕ್ಷಿಣ್ಯ ಮೂರೂ ಒಟ್ಟಿಗೆ ವಾದಕ್ಕೆ ಬರುತ್ತವೆ. ಅಲ್ಲಿ ಗೆಲ್ಲುವುದು ಕಷ್ಟ. ಅವನು ತೀರ್ಮಾನವನ್ನು ಒಮ್ಮೆ ಮಾಡಿ ಮುಗಿಸಿದ್ದ. ಆಮೇಲೆ ಪ್ರತಿದಿನವೂ ಉಳಿದದ್ದು ತೂಗುವ ಕೆಲಸವಷ್ಟೆ.