ಎರೆಸೀಮೆಗೆ ಕಲಿಸಲು ಬಂದವರು

ನೆಲ ಕೆಡದಂತೆ ಬೇಸಾಯ ಮಾಡುವುದು ಹೇಗೆಂದು ಕಲಿಯಲು ನಮ್ಮ ವಿದ್ಯಾರ್ಥಿಗಳು ಇವತ್ತು ಸಮುದ್ರ ದಾಟುತ್ತಾರೆ. ಇಸ್ರೇಲಿನ ಹನಿ ನೀರಾವರಿ, ನೆದರ್ಲೆಂಡ್ಸಿನ ಬಸಿಗಾಲುವೆ ನೋಡಿಬರುವುದು ಕೃಷಿ ಪದವಿ ಓದುವ ಎಷ್ಟೋ ಹುಡುಗ ಹುಡುಗಿಯರ ಆಸೆ. 2018ರ ರಾಜ್ಯ ಬಜೆಟ್‌ನಲ್ಲಿ ಇಸ್ರೇಲ್ ಮಾದರಿ ಕೃಷಿಗೆಂದೇ 150 ಕೋಟಿ ರೂಪಾಯಿ ತೆಗೆದಿಟ್ಟಿದ್ದರು. ಇಂಥ ಕಲಿಕೆಯ ಪ್ರವಾಸದ ಹಳೆಯ ಕಥೆಯೊಂದು ಧಾರವಾಡ ಜಿಲ್ಲೆಯ ಎರೆಹೊಲಗಳಲ್ಲಿ ನಡೆದಿದೆ. ಆಗ ಹಡಗು ಹತ್ತಿ ಬಂದವರು ಅಮೆರಿಕದವರು, ಬಂದದ್ದು ಕಲಿಸುವುದಕ್ಕೆ.

ಹುಬ್ಬಳ್ಳಿಯಿಂದ ನವಲಗುಂದದ ಕಡೆ ಹೊರಟರೆ ಮೊದಲು ಕುಸುಗಲ್ ಸಿಗುತ್ತದೆ. ಮುಂದೆ ಕಣ್ಣು ಹಾಯುವಷ್ಟು ದೂರ ಕಪ್ಪು ನೆಲ. ನವಲಗುಂದ ಸೀಮೆಯಲ್ಲಿ ಬೆಣ್ಣಿಹಳ್ಳದ ದಂಡೆಗೆ ಯಮನೂರು. ಈ ಸೀಮೆಯ ಹತ್ತಿಯ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕಣ್ಣು ಬಿದ್ದಿತ್ತು. ಮ್ಯಾಂಚೆಸ್ಟರಿನ ಗಿರಣಿಗಳು ಅಮೆರಿಕದ ಹತ್ತಿಯನ್ನೇ ನೆಚ್ಚಿಕೊಂಡಿದ್ದವು; ಅಲ್ಲಿನ ನೂಲಿಗೆ ಬೇಕಾದ ಉದ್ದ ಎಳೆ ಇಲ್ಲಿನ ಜವಾರಿ ಹತ್ತಿಯಲ್ಲಿರಲಿಲ್ಲ. ಹಾಗಾಗಿ 1840ರಲ್ಲಿ ಕಂಪನಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿತು. ಅವರಲ್ಲಿ ಮರ್ಸರ್ ಎಂಬಾತ ಧಾರವಾಡ ಜಿಲ್ಲೆಗೆ ಬಂದ. ಆಗಿನ ಕಲೆಕ್ಟರ್ ಅಲೆಕ್ಸಾಂಡರ್ ನಿಸ್ಬೆಟ್ ಶಾ ನ್ಯೂ ಆರ್ಲಿಯನ್ಸ್ ಹತ್ತಿಬೀಜವನ್ನು ರೈತರಿಗೆ ಹಂಚಲು ತೊಡಗಿದ್ದ. ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಎದ್ದಿತು. ಹತ್ತಿಯಿಂದ ಬೀಜ ಬಿಡಿಸಲು ಗರಗಸದ ಹಲ್ಲಿನ ಗಿನ್ನುಗಳು ಬಂದವು, ಅವನ್ನು ರಿಪೇರಿ ಮಾಡಲು ಧಾರವಾಡದಲ್ಲಿ ಕಾರ್ಖಾನೆಯೂ ಆಯಿತು.

ಕೆಲವೇ ವರ್ಷಗಳಲ್ಲಿ ಮರ್ಸರ್ ಸರಕಾರಕ್ಕೆ ತಿಳಿಸಿದ ಅಭಿಪ್ರಾಯವನ್ನು ಇವತ್ತಿನ ಕೃಷಿ ಕಾಲೇಜುಗಳಲ್ಲಿ ಓದಿಸಬೇಕು. ಪ್ರಯೋಗದ ಹೊಲಗಳು ಸರಕಾರಕ್ಕೆ ದಂಡದ ಖರ್ಚು, ಅಮೆರಿಕದ ಪದ್ಧತಿ ಈ ದೇಶಕ್ಕೆ ಹೊಂದುವುದಿಲ್ಲ, ಇಲ್ಲಿನವರಿಗೆ ತಮ್ಮ ಹವೆ ಮತ್ತು ಮಣ್ಣಿನ ಶಕ್ತಿ ಗೊತ್ತಿರುವುದರಿಂದ ಯಾವ ಯುರೋಪಿಯನ್ನನಿಗಿಂತಲೂ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲರು, ಆದ್ದರಿಂದ ಈ ಹೊಲಗಳನ್ನು ಮುಚ್ಚಿಬಿಡಿ ಎಂಬುದು ಆ ಮಾತಿನ ಸಾರ. ಸಂಬಳ ಕೊಡುವ ಧಣಿಗೇ ತನ್ನ ಕೆಲಸ ಬೇಡವೆಂದು ಹೇಳಲು ಗುಂಡಿಗೆ ಬೇಕು. ಅಮೆರಿಕದ ಬೀಜ ಮಾತ್ರ ಇಲ್ಲಿ ಬೇರೂರಿತು. ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಲ್ಲಿ ಅದು ದಶಕಗಳ ಕಾಲ ಪೇಟೆಯಲ್ಲಿತ್ತು, 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಬೆಲೆ ಏರಿದಾಗ ಊರೂರಿಗೆ ಹಬ್ಬಿತು. ಅದನ್ನು ಬೆಳೆದ ರೀತಿ ಮಾತ್ರ ಇಲ್ಲಿನ ರೈತನದೇ ಆಗಿತ್ತು.

ಆ ರೀತಿಯಲ್ಲಿ ಅಂಥದ್ದೇನಿತ್ತು?

ನವಲಗುಂದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲೂ ನಂಬಬಹುದಾದ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯ ಬಿರುಕುಗಳಲ್ಲಿ ಮೇಲಿನ ಪುಡಿಮಣ್ಣು ಉದುರಿ ಒಳಗೆ ಸೇರುತ್ತದೆ, ಮಳೆಗೆ ಉಬ್ಬಿ ಮತ್ತೆ ಮೇಲೆ ಬರುತ್ತದೆ. ಹೀಗೆ ತನ್ನನ್ನು ತಾನೇ ಮಗುಚಿಕೊಳ್ಳುವ ಮಣ್ಣನ್ನು ವರ್ಷವರ್ಷ ಆಳವಾಗಿ ಉಳುವ ಅಗತ್ಯ ರೈತನಿಗೆ ಕಾಣಲಿಲ್ಲ. ಕರಿಕೆ ಬೇರು ಬಿಟ್ಟು ಹೊಲ ಕೆಟ್ಟಾಗ ಮಾತ್ರ ನಾಲ್ಕಾರು ಜೋಡಿ ಎತ್ತು ಹೂಡಿ ದೊಡ್ಡ ರಂಟೆ ಹೊಡೆಯುತ್ತಿದ್ದ. ಉಳಿದಂತೆ ಮುಂಗಾರಿನಲ್ಲಿ ಹೊಲವನ್ನು ಬರಿದೇ ಬಿಟ್ಟು, ಪ್ರತಿ ಮಳೆಯ ನಂತರ ನೆಲ ಆರಿ ಹದಕ್ಕೆ ಬಂದಾಗ ಕುಂಟೆಯಿಂದ ಹರಗುವುದೇ ಕೆಲಸ. ಹರಗಿದರೆ ಕಸ ಸಾಯುತ್ತದೆ, ಬಿರುಕು ಮುಚ್ಚುತ್ತದೆ, ಮೇಲೊಂದು ಪುಡಿಮಣ್ಣಿನ ಹೊದಿಕೆ ಕೂತು ಕೆಳಗಿನ ಹಸಿ ಆರಿಹೋಗದೆ ಉಳಿಯುತ್ತದೆ. ಆ ಹಸಿಯನ್ನು ನಂಬಿ ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಗೋದಿ, ಕುಸುಬೆ ಬಿತ್ತುತ್ತಾರೆ. ಕೂರಿಗೆಯ ಬಟ್ಟಲಿಗೆ ಕಾಳು ಬಿಡುವ ಕೈ ಹೆಚ್ಚಾಗಿ ಹೆಂಗಸರದು; ಸಾಲು ತಪ್ಪದಂತೆ, ಕಾಳು ಒತ್ತಾಗದಂತೆ ಬಿಡುವುದಕ್ಕೆ ವರ್ಷಗಳ ಪಳಗಿಕೆ ಬೇಕು. ಬಿತ್ತಿದ ಮೇಲೆ ಒಂದು ಹನಿ ಬೀಳದಿದ್ದರೂ ನೆಲದೊಳಗಿನ ಹಸಿ ಮತ್ತು ಇಬ್ಬನಿಯಲ್ಲೇ ಕಡಲೆ ಬರುತ್ತದೆ.

ಬೆಳೆದದ್ದನ್ನು ಕಾಯುವ ಉಪಾಯವೂ ಈ ನೆಲದೊಳಗೇ ಇತ್ತು. ಊರೊಳಗೆ ಆಳ ತೋಡಿದ ಹಗೇವುಗಳಲ್ಲಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗೆ ಗಾಳಿಯಾಡದ ಕಾರಣ ಹುಳು ಬದುಕುತ್ತಿರಲಿಲ್ಲ. ಒಂದು ಬರಗಾಲವನ್ನು ದಾಟಿಸುವಷ್ಟು ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ಬಾಯಿ ತೆಗೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದ.

ಮರ್ಸರ್ ಕಂಡದ್ದನ್ನು ಆಮೇಲೆ ಬಂದ ಬೇರೆಯವರೂ ಬೇರೆ ಕಡೆ ಕಂಡರು. ಇಂಗ್ಲೆಂಡಿನ ರಾಯಲ್ ಕೃಷಿ ಸಂಘದ ರಸಾಯನ ತಜ್ಞ ವೋಲ್ಕರ್ ಭಾರತ ಸುತ್ತಿ 1893ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಲ್ಲಿನ ಬೇಸಾಯದ ಅಚ್ಚುಕಟ್ಟನ್ನು ಮೆಚ್ಚಿದ. ಅಮೆರಿಕದ ಮಣ್ಣುವಿಜ್ಞಾನಿ ಎಫ್. ಎಚ್. ಕಿಂಗ್ 1909ರಲ್ಲಿ ಚೀನಾ, ಕೊರಿಯಾ, ಜಪಾನ್ ಸುತ್ತಿ, ಸಾವಿರಾರು ವರ್ಷ ಉತ್ತರೂ ಬಡವಾಗದ ಹೊಲಗಳ ಬಗ್ಗೆ ಪುಸ್ತಕ ಬರೆದ. 1905ರಲ್ಲಿ ಬಿಹಾರದ ಪೂಸಾಕ್ಕೆ ಬಂದ ಆಲ್ಬರ್ಟ್ ಹೋವರ್ಡ್ ರೈತರನ್ನೂ ಕೀಟಗಳನ್ನೂ ತನ್ನ ಗುರುಗಳೆಂದು ಕರೆದು, ಇಂದೋರಿನಲ್ಲಿ ಕಾಂಪೋಸ್ಟ್ ಗೊಬ್ಬರದ ವಿಧಾನ ರೂಪಿಸಿದ. ಇವತ್ತು ಜಗತ್ತಿನ ವಿಶ್ವವಿದ್ಯಾಲಯಗಳು ಸಾವಯವ ಕೃಷಿ ಎಂದು ಪಾಠ ಮಾಡುವುದರ ಒಂದು ಬೇರು ಇಂಥ ಪ್ರವಾಸಗಳಲ್ಲಿದೆ.

ಸ್ಥಳೀಯ ವಿಜ್ಞಾನವೂ ಸುಮ್ಮನೆ ಕೂತಿರಲಿಲ್ಲ. ಜಿ. ಎಲ್. ಕೊಟ್ಟೂರ ಧಾರವಾಡದಲ್ಲಿ ಇಲ್ಲಿನ ಹತ್ತಿಯಿಂದಲೇ ಜಯವಂತದಂಥ ತಳಿ ತಂದರು. 1930ರ ದಶಕದಲ್ಲಿ ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಯಿತು. 1972ರಲ್ಲಿ ಡಾ. ಬಿ. ಎಚ್. ಕಟರ್ಕಿ ಧಾರವಾಡದಲ್ಲಿ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಕೊಟ್ಟರು. ಎರಡು ಬೇರೆ ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ ವ್ಯಾಪಾರಕ್ಕೆ ಬಂದ ಜಗತ್ತಿನ ಮೊದಲ ತಳಿ ಅದು. ಶತಮಾನದ ಹಿಂದೆ ಕಂಪನಿ ಹುಡುಕುತ್ತಿದ್ದ ಉದ್ದ ಎಳೆ ಕೊನೆಗೆ ಈ ನೆಲದ ವಿಜ್ಞಾನಿಯ ಕೈಯಲ್ಲೇ ಮೂಡಿತು.

ಅದೇ ದಶಕದಲ್ಲಿ ಮಲಪ್ರಭೆಯ ನೀರೂ ಬಂತು. ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ನವಲಗುಂದ, ನರಗುಂದಗಳಿಗೆ ಕಾಲುವೆ ಹರಿಯಿತು. ವರಲಕ್ಷ್ಮಿಗೆ ಬೆಲೆ ಇದ್ದಷ್ಟು ದಿನ ರೈತರು ಕೈತುಂಬ ಹಣ ಕಂಡರು. ಆಮೇಲೆ ಬೆಲೆ ಬಿತ್ತು. ಕಾಲುವೆಯ ನೀರು ಎಲ್ಲ ಹೊಲಗಳಿಗೂ ಸರಿಯಾಗಿ ತಲುಪದಿದ್ದರೂ ಅಭಿವೃದ್ಧಿ ಕರ ಕಟ್ಟಿ ಎಂಬ ಒತ್ತಾಯ ಬಂತು. 1980ರ ಜುಲೈ 21ರಂದು ರೈತರು ಬೀದಿಗಿಳಿದಾಗ ಗೋಲಿಬಾರ್ ಆಯಿತು. ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಪ್ರಾಣ ಬಿಟ್ಟರು. ಅಲ್ಲಿಂದ ಹೊತ್ತಿದ ಕಿಡಿ ಇಡೀ ರಾಜ್ಯದ ರೈತ ಚಳವಳಿಯಾಯಿತು. ನೆಲಕ್ಕಾದ ಪೆಟ್ಟು ಅಷ್ಟು ಬೇಗ ಕಣ್ಣಿಗೆ ಬೀಳಲಿಲ್ಲ. ಹಸಿಯನ್ನು ಹಿಡಿದಿಡುವ ಗುಣವೇ ಎರೆಮಣ್ಣಿನ ಬಲ. ಮೇಲಿಂದ ನೀರು ಹೆಚ್ಚಾದರೆ ಅದೇ ಗುಣದಿಂದ ನೀರು ಬಸಿಯದೆ ನಿಂತು, ಕೆಳಗಿನ ಉಪ್ಪು ಮೇಲೇರುತ್ತದೆ. ಹೊಲ ಸವಳು-ಜವಳಾಗುತ್ತದೆ.

ಬೇಸಾಯದಲ್ಲಾದ ಇಂಥ ಬದಲಾವಣೆಯನ್ನು ಹತ್ತಿರದಿಂದ ಓದಿದವರು ಮಾನವಶಾಸ್ತ್ರಜ್ಞೆ ಎ. ಆರ್. ವಸವಿ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದ ಅವರು ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡದ್ದು ವಿಜಾಪುರದ ಒಣಸೀಮೆಯ ಹಳ್ಳಿಯನ್ನು. ಹೈಬ್ರಿಡ್ ಬೀಜ, ಸರಕಾರಿ ಗೊಬ್ಬರ ಬಂದ ಮೇಲೆ ತಮ್ಮ ಅನ್ನ, ಮೈ, ಕಾಲ ಎಲ್ಲವೂ ಹೈಬ್ರಿಡ್ ಆದವೆಂದು ರೈತರು ಹೇಳುತ್ತಿದ್ದುದನ್ನು ಅವರು ಗಂಭೀರವಾಗಿ ಕೇಳಿಸಿಕೊಂಡರು. ಹೊರದೇಶದ ವಿಶ್ವವಿದ್ಯಾಲಯದ ಓದು ಹೀಗೆ ಊರಿನ ದಾರಿ ಹಿಡಿದದ್ದು ದೊಡ್ಡ ಮಾತು.

ನೆಲದಂತೆ ಈ ಸೀಮೆಯ ನೀರಿನ ಪಾಡೂ ತಿಳಿಯಬೇಕಾದರೆ ಯಮನೂರಿಗೆ ಬರಬೇಕು. ಅಲ್ಲಿ ಹೋಳಿಹುಣ್ಣಿಮೆಯ ನಂತರ ಜಾತ್ರೆ. ಹಿಂದೂಗಳಿಗೆ ಚಾಂಗದೇವ, ಮುಸ್ಲಿಮರಿಗೆ ರಾಜಾ ಬಾಗ್‌ಸವಾರ, ಗುಡಿ ಒಂದೇ. ಬೆಣ್ಣಿಹಳ್ಳದ ನೀರಿನಿಂದ ಇಲ್ಲಿ ದೀಪ ಉರಿಯುತ್ತದೆ, ಈ ನೀರಲ್ಲಿ ಮಿಂದರೆ ಚರ್ಮದ ರೋಗ ಹೋಗುತ್ತದೆ ಎಂದು ಭಕ್ತರ ನಂಬಿಕೆ. ಆ ಹಳ್ಳಕ್ಕೆ ಹುಬ್ಬಳ್ಳಿಯ ಕೊಳಚೆ ಸೇರುತ್ತಿದೆ. ಮಳೆ ಜೋರಾದರೆ ಹಳ್ಳ ಉಕ್ಕಿ ಹೊಲ ಮುಳುಗಿಸುತ್ತದೆ, ಬೇಸಿಗೆಯಲ್ಲಿ ಕುಡಿಯುವ ನೀರಿಗೆ ತತ್ವಾರ. ಮಹದಾಯಿ ನದಿಯ ನೀರಿಗಾಗಿ ನಡೆದ ಹೋರಾಟದಲ್ಲಿ, 2016ರ ಜುಲೈ ಕೊನೆಗೆ, ಇದೇ ಯಮನೂರಿನ ಮನೆಗಳಿಗೆ ಪೊಲೀಸರು ನುಗ್ಗಿ ಹೆಂಗಸರು, ಮುದುಕರೆನ್ನದೆ ಹೊಡೆದದ್ದನ್ನು ನಾಡು ಟಿವಿಯಲ್ಲಿ ನೋಡಿತು.

ಹೊರಗಿನಿಂದ ಕಲಿಯುವುದು ಇಲ್ಲವೆಂದಲ್ಲ. ನೆಲದಡಿ ತೂತಿನ ಕೊಳವೆ ಹೂತು ಉಪ್ಪುನೀರು ಬಸಿಯುವ ವಿಧಾನವನ್ನು ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿಯಲ್ಲಿ ಡಚ್ಚರ ಸಹಕಾರದಿಂದಲೇ ಪ್ರಯೋಗಿಸಿದರು. ಸವಳು ನೆಲಕ್ಕೆ ಅದು ಬೇಕು. 2014ರ ಕೃಷಿ ಭಾಗ್ಯ ಯೋಜನೆಯ ನಂತರ ಈ ಸೀಮೆಯಲ್ಲಿ ಕೃಷಿಹೊಂಡಗಳೂ ಹೆಚ್ಚಿದವು. ಆಳದ ಎರೆಮಣ್ಣಿನಲ್ಲಿ ನೀರು ಇಂಗುವುದು ತೀರ ನಿಧಾನ, ಹಾಗಾಗಿ ಪ್ಲಾಸ್ಟಿಕ್ ಹಾಸದೆಯೂ ಹೊಂಡ ನೀರು ಹಿಡಿಯುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದ ವಿದೇಶಕ್ಕೆ ಹೊರಡುವ ವಿದ್ಯಾರ್ಥಿಯನ್ನು ಅದಕ್ಕೂ ಮೊದಲು ಒಂದು ಹಿಂಗಾರಿ ಪೂರ್ತಿ ನವಲಗುಂದದ ಹೊಲವೊಂದರಲ್ಲಿ ಇರಿಸಬೇಕು: ಆಗಸ್ಟಿನ ಹರಗುವಿಕೆಯಿಂದ ಕಡಲೆ ರಾಶಿಯವರೆಗೆ, ಕುಂಟೆ ಹಿಡಿದು, ಬಟ್ಟಲಿಗೆ ಕಾಳು ಬಿಟ್ಟು. ಆಮೇಲೆ ನೆದರ್ಲೆಂಡ್ಸಿಗೆ ಹೋದರೆ ಅಲ್ಲಿನ ಪ್ರಾಧ್ಯಾಪಕರನ್ನು ಏನು ಕೇಳಬೇಕೆಂಬುದು ಅವರಿಗೆ ಗೊತ್ತಿರುತ್ತದೆ.