ಆಲೂಗಡ್ಡೆ ನಾಟಿ ಯಂತ್ರ

ಟ್ರ್ಯಾಕ್ಟರಿನ ಹಿಂಬದಿಯ ಮೂರು ಕೊಂಡಿಗಳಿಗೆ ಜೋಡಿಸುವ ಬಿತ್ತನೆ ಸಲಕರಣೆ. ಸಾಲು ಸೀಳುವುದು, ಬೀಜದ ಗಡ್ಡೆಗಳನ್ನು ಒಂದೊಂದಾಗಿ ಇಳಿಸುವುದು, ಪಕ್ಕಕ್ಕೆ ಗೊಬ್ಬರ ಬೀಳಿಸುವುದು, ಮಣ್ಣು ಮುಚ್ಚಿ ಬೋದು ಏರಿಸುವುದು ಇದರ ಕೆಲಸ. ರೈತರು ಸಾಮಾನ್ಯವಾಗಿ ಪ್ಲಾಂಟರ್ ಎಂದೇ ಕರೆಯುತ್ತಾರೆ. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ಸಾಲಿನ ಯಂತ್ರ. ಇದಕ್ಕೆ 35ರಿಂದ 45 ಅಶ್ವಶಕ್ತಿಯ ಟ್ರ್ಯಾಕ್ಟರ್ ಸಾಕು. ನಾಲ್ಕು ಸಾಲಿನವು ದೊಡ್ಡ ಹಿಡುವಳಿಗಳಿಗೆ ಸೀಮಿತ. ಪಂಜಾಬಿನ ನೀರಾವರಿ ಹೊಲ ಮತ್ತು ಇಡಿಗಡ್ಡೆಯ ಬಿತ್ತನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡ ಈ ಯಂತ್ರ ಬೆಳಗಾವಿ, ಧಾರವಾಡ, ಹಾಸನಗಳ ಮಳೆಯಾಶ್ರಿತ ಹೊಲಕ್ಕೂ ಹೋಳು ಮಾಡಿದ ಬೀಜಕ್ಕೂ ಹೊಂದಿಕೊಳ್ಳುವಾಗ ಏಳುವ ತೊಡಕುಗಳಿಗೆ ಈ ಲೇಖನ ಹೆಚ್ಚು ಜಾಗ ಕೊಟ್ಟಿದೆ.

ನೆಲ ಮತ್ತು ಕಾಲ

ಈ ಲೇಖನ ಉದಾಹರಣೆಗೆ ಹಿಡಿದದ್ದು ಬೆಳಗಾವಿ ಜಿಲ್ಲೆಯ ಕಿತ್ತೂರು ಸೀಮೆಯನ್ನು. ಪಶ್ಚಿಮಕ್ಕೆ ಖಾನಾಪುರದ ಮಲೆನಾಡಿನ ಸೆರಗು, ಪೂರ್ವಕ್ಕೆ ಬೈಲಹೊಂಗಲದ ಎರೆ ಬಯಲು. ಕೃಷಿ ಹವಾಮಾನದ ವಿಂಗಡಣೆಯಲ್ಲಿ ಬೈಲಹೊಂಗಲ ಮತ್ತು ಕಿತ್ತೂರು ಉತ್ತರ ಸಂಕ್ರಮಣ ವಲಯಕ್ಕೆ ಸೇರುತ್ತವೆ. ಸವದತ್ತಿ ಮತ್ತು ರಾಮದುರ್ಗ ಉತ್ತರ ಒಣ ವಲಯಕ್ಕೆ. ಒಂದೇ ಸೀಮೆಯೆಂದು ಹೇಳಿಕೊಳ್ಳುವ ನಾಲ್ಕು ತಾಲ್ಲೂಕುಗಳಲ್ಲಿ ಒಂದೇ ಯಂತ್ರ ಒಂದೇ ರೀತಿ ನಡೆಯದಿರಲು ಇದೇ ಮೊದಲ ಕಾರಣ.

ಕಿತ್ತೂರು ಸೀಮೆಯಲ್ಲಿ ಬಟಾಟಿ, ಅಂದರೆ ಆಲೂಗಡ್ಡೆ, ಮುಖ್ಯ ಬೆಳೆಯಲ್ಲ. ಅದರ ನೆಲೆ ಬೆಳಗಾವಿ ಮತ್ತು ಖಾನಾಪುರದ ಕಡೆಗೆ, ದಕ್ಷಿಣಕ್ಕೆ ಧಾರವಾಡದ ಕಡೆಗೆ. ಆದರೂ ಮಳೆ ನಂಬಿದ ಮಸಾರಿ ಹೊಲಗಳಲ್ಲಿ ಮುಂಗಾರಿಗೆ ಇದನ್ನು ಹಾಕಬಹುದು. ಒಣ ವಲಯದಲ್ಲಾದರೆ ಹಿಂಗಾರಿನಲ್ಲಿ, ನೀರಿದ್ದಲ್ಲಿ ಮಾತ್ರ. ಮುಂಗಾರಿನ ನಾಟಿಗೆ ರೋಹಿಣಿ ಮಳೆಯಿಂದ ಮಿರಗದವರೆಗೆ, ಅಂದರೆ ಮೇ ಕೊನೆಯಿಂದ ಜೂನ್ ನಡುವಿನವರೆಗೆ, ಸಿಗುವ ಹದದ ದಿನಗಳು ಕಡಿಮೆ. ಆಳು ಸಿಕ್ಕಾಗ ಹದವಿಲ್ಲ, ಹದವಿದ್ದಾಗ ಆಳಿಲ್ಲ ಎಂಬ ಪರಿಸ್ಥಿತಿಯೇ ಈ ಭಾಗದಲ್ಲಿ ಯಂತ್ರದ ವಿಚಾರ ತಂದದ್ದು.

ಹಿನ್ನೆಲೆ

ಸಾಲಿನಲ್ಲಿ ಬೀಜ ಬಿಡುವ ಸಲಕರಣೆ ಈ ಸೀಮೆಗೆ ಹೊಸತಲ್ಲ. ಬಟ್ಟಲು, ಟೊಳ್ಳು ಬಿದಿರು, ಕುಳ ಇಷ್ಟರಿಂದಾದ ಕೂರಿಗೆ ಜೋಳ, ಕಡಲೆ, ಕುಸುಬೆಗಳನ್ನು ಬೇಕಾದ ಆಳಕ್ಕೆ ಇಳಿಸುತ್ತ ಬಂದಿದೆ. ಇಂಗ್ಲೆಂಡಿನಲ್ಲಿ ಜೆಥ್ರೊ ಟಲ್ ತನ್ನ ಬಿತ್ತನೆ ಯಂತ್ರ ರೂಪಿಸಿದ್ದು 1701ರ ಸುಮಾರಿಗೆ. ಅದೇ ಶತಮಾನದ ಕೊನೆಯಲ್ಲಿ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ದಕ್ಷಿಣ ಭಾರತದ ಕೂರಿಗೆಯನ್ನು ಕಂಡು, ಇದು ಯುರೋಪಿನ ಈಚಿನ ಶೋಧವೆಂದು ತಾನು ತಿಳಿದಿದ್ದೆನೆಂದು ಬರೆದ. ಅವನ ಬರಹ 1797ರಲ್ಲಿ ಬ್ರಿಟನ್ನಿನ ಕೃಷಿ ಮಂಡಳಿಯ ಪ್ರಕಟಣೆಯಲ್ಲಿ ಬಂತು. ಅದನ್ನು ಮತ್ತೆ ಓದುಗರ ಕಣ್ಣಿಗೆ ತಂದವರು ಇತಿಹಾಸ ಸಂಶೋಧಕ ಧರಂಪಾಲ್, 1971ರ ತಮ್ಮ ಸಂಕಲನದಲ್ಲಿ.

ಕೂರಿಗೆಯ ಬಟ್ಟಲಿಗೆ ಬಿದ್ದ ಕಾಳು ತಾನಾಗಿ ಜಾರುತ್ತದೆ. ಬಿತ್ತುವವರ ಬೆರಳು ಅದರ ಹರಿವನ್ನು ಹಿಡಿದು ಬಿಡುತ್ತದೆ, ಅಷ್ಟೇ. ನಲವತ್ತು ಗ್ರಾಂ ತೂಗುವ ಗಡ್ಡೆ ಹಾಗೆ ಹರಿಯದು; ಅದನ್ನು ಒಂದೊಂದಾಗಿ ಹೆಕ್ಕಬೇಕು. ಆದ್ದರಿಂದ ಬಟಾಟಿಯ ಬಿತ್ತನೆ ಬಹುಕಾಲ ಕೂರಿಗೆಯ ಹೊರಗೇ ಉಳಿಯಿತು. ಮುಂದೆ ರಂಟಿ ಸಾಲು ಬಿಡುವುದು, ಹಿಂದೆ ಹೆಣ್ಣಾಳುಗಳು ಹೆಜ್ಜೆ ಅಳತೆಯಲ್ಲಿ ಹೋಳುಗಳನ್ನಿಡುವುದು, ಮತ್ತೊಂದು ರಂಟಿ ಮುಚ್ಚುತ್ತ ಬರುವುದು ಇಲ್ಲಿಯ ಕ್ರಮ. ಸಣ್ಣ ಹೊಲಗಳಲ್ಲಿ ಇಂದಿಗೂ ಇದಕ್ಕೆ ಕೊರತೆಯೆಣಿಸುವುದು ಕಷ್ಟ.

ಅಮೆರಿಕದಲ್ಲಿ ಹೆಕ್ಕುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಿಶಿಗನ್ನಿನ ಆಸ್ಪಿನ್‌ವಾಲ್ ಕಂಪನಿ ಕುದುರೆ ಎಳೆಯುವ ನಾಟಿ ಯಂತ್ರಗಳನ್ನು ಮಾರುತ್ತಿತ್ತು. ಗಡ್ಡೆಯನ್ನು ಮುಳ್ಳಿನಿಂದ ಚುಚ್ಚಿ ಎತ್ತುವ ಮಾದರಿಗಳೂ ಬಂದವು. ಅವು ತಪ್ಪದೆ ಎತ್ತುತ್ತಿದ್ದವು, ಆದರೆ ಒಂದು ಗಡ್ಡೆಯ ರೋಗವನ್ನು ಸಾಲಿಡೀ ಹಂಚುತ್ತಿದ್ದವು. ಟ್ರ್ಯಾಕ್ಟರಿಗೆ ಸಲಕರಣೆಯನ್ನು ಹೊರಿಸುವ ಮೂರು ಕೊಂಡಿಯ ಏರ್ಪಾಡು ಹ್ಯಾರಿ ಫರ್ಗ್ಯುಸನ್ನನದು. 1939ರ ಫೋರ್ಡ್–ಫರ್ಗ್ಯುಸನ್ ಟ್ರ್ಯಾಕ್ಟರಿನಿಂದ ಅದು ವ್ಯಾಪಕವಾಯಿತು. ಫರ್ಗ್ಯುಸನ್ನನ ನಾಟಿ ಯಂತ್ರದಲ್ಲಿ ಹಿಂದೆ ಕೂತ ಆಳು ಗಂಟೆಯ ಸದ್ದಿಗೊಂದರಂತೆ ಗಡ್ಡೆ ಬಿಡುತ್ತಿದ್ದ.

ಹೊಲಕ್ಕೆ ಕಬ್ಬಿಣ ಬಂದ ಕಥೆಯಲ್ಲಿ ಈ ಸೀಮೆಗೂ ಪಾಲಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ, ಬಳಿಕ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ತಾಗಿದರೆ ಮಣ್ಣು ಕೆಡುತ್ತದೆಂದು ರೈತರು ಮೊದಮೊದಲು ಕೊಳ್ಳಲಿಲ್ಲ ಎನ್ನುತ್ತಾರೆ. ಊರು ಬೆಳೆಯಲು ಜಾಗ ಬೇಕೆಂದು ಪುರಸಭೆ ಎಬ್ಬಿಸಿದಾಗ, ಔಂಧದ ಅರಸರು ಕೊಟ್ಟ ನೆಲಕ್ಕೆ 1910ರಲ್ಲಿ ಕಾರ್ಖಾನೆ ಹೋಯಿತು, ಅದೇ ಕಿರ್ಲೋಸ್ಕರವಾಡಿ. ನಾಟಿ ಯಂತ್ರಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಆದರೆ ಬೆಳಗಾವಿ ಸೀಮೆಯ ರೈತ ಸಲಕರಣೆಯನ್ನು ಒಪ್ಪುವ ಮೊದಲು ಎಷ್ಟು ಪರೀಕ್ಷಿಸುತ್ತಾನೆಂಬುದಕ್ಕೆ ಇದನ್ನು ಬಿಟ್ಟು ಬೇರೆ ಉದಾಹರಣೆ ಹುಡುಕಬೇಕಿಲ್ಲ.

ರಚನೆ

ಮೇಲೆ ಗಡ್ಡೆ ತುಂಬುವ ತೊಟ್ಟಿ, ಪಕ್ಕಕ್ಕೆ ಗೊಬ್ಬರದ ಪೆಟ್ಟಿಗೆ, ಕೆಳಗೆ ಸಾಲು ಸೀಳುವ ಕುಳ, ಅದರ ಹಿಂದೆ ಬೋದು ಏರಿಸುವ ರೆಕ್ಕೆಗಳು ಅಥವಾ ತಟ್ಟೆಗಳು. ಗಡ್ಡೆ ಎತ್ತುವ ಭಾಗಕ್ಕೆ ಚಾಲನೆ ಬರುವುದು ಎಂಜಿನ್ನಿನಿಂದಲ್ಲ, ನೆಲದ ಮೇಲೆ ಉರುಳುವ ಹಲ್ಲುಳ್ಳ ನೆಲಗಾಲಿಯಿಂದ. ಟ್ರ್ಯಾಕ್ಟರ್ ನಿಧಾನವಾದರೂ ಜೋರಾದರೂ ಗಡ್ಡೆಗಳ ನಡುವಿನ ಅಂತರ ಬದಲಾಗಬಾರದೆಂಬುದೇ ಇದರ ಉದ್ದೇಶ.

ಎತ್ತುವ ಬಗೆಯಲ್ಲಿ ಎರಡು ಜಾತಿ. ಅರೆಸ್ವಯಂಚಾಲಿತದಲ್ಲಿ ಪ್ರತಿ ಸಾಲಿಗೊಬ್ಬರು ಹಿಂದಿನ ಸೀಟಿನಲ್ಲಿ ಕೂತು ತಿರುಗುವ ತಟ್ಟೆಯ ಬಟ್ಟಲುಗಳಿಗೆ ಗಡ್ಡೆ ಹಾಕುತ್ತಾರೆ. ಸ್ವಯಂಚಾಲಿತದಲ್ಲಿ ಚೈನಿಗೋ ಬೆಲ್ಟಿಗೋ ಕೂರಿಸಿದ ಬಟ್ಟಲುಗಳು ತೊಟ್ಟಿಯೊಳಗಿಂದ ಗಡ್ಡೆ ಎತ್ತಿ, ಮೇಲೆ ಹೊರಳಿ, ಕೊಳವೆಯ ಮೂಲಕ ಸಾಲಿಗೆ ಇಳಿಸುತ್ತವೆ. ಮೇಲೇರುವಾಗ ಬೆಲ್ಟನ್ನು ಅಲುಗಿಸುವ ಒಂದು ಕುಲುಕು ಇರುತ್ತದೆ. ಬಟ್ಟಲಿನ ಮೇಲೆ ಕೂತ ಎರಡನೆಯ ಗಡ್ಡೆ ಅದರಿಂದ ಉದುರಬೇಕು.

ಎರಡರ ವ್ಯತ್ಯಾಸ ವೇಗದ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. ಸಾಲಿನಲ್ಲಿ 20 ಸೆಂ.ಮೀ.ಗೊಂದು ಗಡ್ಡೆ ಎಂದಾದರೆ, ಗಂಟೆಗೆ 1.2 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 100 ಗಡ್ಡೆ ಬೀಳಬೇಕು. ಕೂತ ಆಳು ಎರಡೂ ಕೈಯಲ್ಲಿ ಹಾಕಿದರೂ ಇದೇ ಮಿತಿ. ಸ್ವಯಂಚಾಲಿತ ಯಂತ್ರ 3 ಕಿ.ಮೀ.ನಲ್ಲಿ 250 ಗಡ್ಡೆ ಎತ್ತುತ್ತದೆ. ಅರವತ್ತು ಸೆಂ.ಮೀ. ಅಂತರದ ಎರಡು ಸಾಲಿನ ಯಂತ್ರ ಆ ವೇಗದಲ್ಲಿ, ತಿರುವಿಗೂ ತೊಟ್ಟಿ ತುಂಬಲಿಕ್ಕೂ ಮೂರನೆಯ ಒಂದು ಪಾಲು ಹೊತ್ತು ಹೋದರೂ, ಎಕರೆಯನ್ನು ಎರಡು ಗಂಟೆಯೊಳಗೆ ಮುಗಿಸುತ್ತದೆ. ತುಂಡು ಹೊಲಗಳಲ್ಲಿ ತಿರುವೇ ಹೆಚ್ಚಾಗಿ ಈ ಲೆಕ್ಕ ಕೆಡುತ್ತದೆ.

ಬೀಜ

ಯಂತ್ರದ ಕೆಲಸ ಕೆಟ್ಟಿತೆಂಬ ದೂರುಗಳಲ್ಲಿ ಬಹುಪಾಲು ಬೀಜದ ದೂರುಗಳು. ಬಟ್ಟಲು ಒಂದು ಅಳತೆಗೆ ಮಾಡಿದ್ದು. 35ರಿಂದ 45 ಮಿ.ಮೀ. ಅಡ್ಡಗಾತ್ರದ ಗುಂಡುಗಡ್ಡೆ ಅದಕ್ಕೆ ಒಗ್ಗುತ್ತದೆ. ಕರ್ನಾಟಕದ ಬಿತ್ತನೆ ಗಡ್ಡೆಯ ದೊಡ್ಡ ಪಾಲು ಪಂಜಾಬಿನಿಂದ, ಮುಖ್ಯವಾಗಿ ಜಲಂಧರ್ ಕಡೆಯಿಂದ ಬರುತ್ತದೆ. ತಳಿಗಳಲ್ಲಿ ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ಕುಫ್ರಿ ಜ್ಯೋತಿ ದೀರ್ಘಕಾಲ ಮುಂಚೂಣಿಯಲ್ಲಿತ್ತು. ಬೀಜಕ್ಕೇ ಖರ್ಚಿನ ದೊಡ್ಡ ಪಾಲು ಹೋಗುವುದರಿಂದ ರೈತರು ದೊಡ್ಡ ಗಡ್ಡೆಯನ್ನು ಎರಡು ಮೂರು ಹೋಳು ಮಾಡುತ್ತಾರೆ. ಲೆಕ್ಕ ಸರಳ: 60×20 ಸೆಂ.ಮೀ. ಅಂತರದಲ್ಲಿ ಎಕರೆಗೆ ಸುಮಾರು 33,700 ಗುಣಿ. ನಲವತ್ತು ಗ್ರಾಮಿನ ಇಡಿಗಡ್ಡೆಯಾದರೆ ಹದಿಮೂರೂವರೆ ಕ್ವಿಂಟಲ್ ಬೇಕು. ಇಪ್ಪತ್ತೈದು ಗ್ರಾಮಿನ ಹೋಳಾದರೆ ಎಂಟೂವರೆ ಕ್ವಿಂಟಲಿನಲ್ಲಿ ಮುಗಿಯುತ್ತದೆ.

ಆದರೆ ಹೋಳಿಗೆ ಚಪ್ಪಟೆ ಮುಖವಿದೆ. ಎರಡು ಹೋಳು ಮುಖಕ್ಕೆ ಮುಖ ಅಂಟಿ ಒಂದೇ ಬಟ್ಟಲಿನಲ್ಲಿ ಏರುತ್ತವೆ, ಇಲ್ಲವೇ ಒಂದೇ ಹೋಳು ತೊಟ್ಟಿಯ ಬದಿಗೆ ಅಂಟಿ ಬಟ್ಟಲು ಬರಿದಾಗಿ ಹೋಗುತ್ತದೆ. ಕತ್ತರಿಸಿದ ಗಾಯದಿಂದ ಒಸರುವ ಪಿಷ್ಟ ಬಟ್ಟಲಿನೊಳಗೆ ಪದರುಗಟ್ಟುತ್ತದೆ. ಹೋಳನ್ನು ಮ್ಯಾಂಕೊಜೆಬ್ ದ್ರಾವಣದಲ್ಲಿ ಅದ್ದಿ, ನೆರಳಿನಲ್ಲಿ ಹರಡಿ, ಗಾಯ ಒಣಗಿ ಸಿಪ್ಪೆಗಟ್ಟಿದ ಮೇಲೆ ತೊಟ್ಟಿಗೆ ಹಾಕಿದರೆ ಈ ತೊಂದರೆ ಬಹಳಷ್ಟು ಇಳಿಯುತ್ತದೆ. ಜೂನಿನ ತೇವದ ಗಾಳಿಯಲ್ಲಿ ಒಣಗಲು ಹೆಚ್ಚು ದಿನ ಬೇಕು; ರಾಶಿ ಹಾಕಿದರೆ ಕೊಳೆಯುತ್ತದೆ. ಹೋಳನ್ನೇ ನೆಚ್ಚಿಕೊಂಡವರಿಗೆ ಅರೆಸ್ವಯಂಚಾಲಿತ ಯಂತ್ರವೇ ಮೇಲೆಂಬುದು ಈ ಲೇಖಕನ ಅಭಿಪ್ರಾಯ: ಕೈಗೆ ಆಕಾರದ ಗೊಡವೆಯಿಲ್ಲ. ಮೊಳಕೆಗಳಿಗೂ ಅದು ಮೃದು. ಬೆರಳುದ್ದ ಮೊಳೆತ ಗಡ್ಡೆಯನ್ನು ಸ್ವಯಂಚಾಲಿತ ತೊಟ್ಟಿಗೆ ಸುರಿದರೆ ಮೊಳಕೆ ಮುರಿದು ಗಿಡ ಹುಟ್ಟುವುದು ತಡವಾಗುತ್ತದೆ, ಒಂದು ಸೆಂ.ಮೀ. ಒಳಗಿನ ಗಟ್ಟಿ ಮೊಳಕೆ ತಡೆದುಕೊಳ್ಳುತ್ತದೆ.

ನಡೆಸುವ ಕ್ರಮ

ಮೊದಲು ಟ್ರ್ಯಾಕ್ಟರಿನ ಹಿಂಗಾಲಿಗಳ ನಡುವಿನ ಅಗಲ ನೋಡಬೇಕು. ಅದು ಸಾಲಿನ ಅಂತರದ ಇಮ್ಮಡಿಯಿರಬೇಕು: 60 ಸೆಂ.ಮೀ. ಸಾಲಿಗೆ 120, 66ಕ್ಕೆ 132. ಆಗ ಎರಡು ಬೋದು ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ, ಗಾಲಿಗಳು ಬೋದಿನ ಹೊರಗಿನ ಕಾಲುವೆಯಲ್ಲಿ ಬೀಳುತ್ತವೆ. ಹಾಗಿದ್ದರೂ 34 ಸೆಂ.ಮೀ. ಅಗಲದ ಟೈರಿನ ಅಂಚು ಗಡ್ಡೆಯಿಂದ 13 ಸೆಂ.ಮೀ. ದೂರದಲ್ಲಷ್ಟೇ ಹಾಯುತ್ತದೆ. ಒದ್ದೆ ಎರೆಯಲ್ಲಿ ಇದು ಬೋದಿನ ಪಕ್ಕವನ್ನು ಇಟ್ಟಿಗೆಯಂತೆ ಒತ್ತಿಬಿಡುತ್ತದೆ. ಎರೆ ಹೊಲದಲ್ಲಿ ಹದ ಒಂದು ದಿನ ತಡವಾದರೂ ಕಾಯುವುದು ವಾಸಿ.

ಕೆಳಗಿನ ಎರಡು ಕೊಂಡಿಗಳ ಎತ್ತರ ಸಮವಾಗಿರಲಿ. ಮೇಲಿನ ಕೊಂಡಿಯನ್ನು ಗಿಡ್ಡ ಮಾಡಿದರೆ ಯಂತ್ರ ಮುಂದಕ್ಕೆ ವಾಲಿ ಕುಳ ಆಳಕ್ಕಿಳಿಯುತ್ತದೆ, ಹಿಂದಿನ ರೆಕ್ಕೆ ಮಣ್ಣು ಬಿಟ್ಟು ಏಳುತ್ತದೆ. ಉದ್ದ ಮಾಡಿದರೆ ತಿರುಗುಮುರುಗು. ಪಕ್ಕದ ಸರಪಳಿ ಬಿಗಿಯಿಲ್ಲದಿದ್ದರೆ ಸಾಲು ಹಾವಿನಂತೆ ಓಡುತ್ತದೆ, ಮುಂದೆ ಎಡೆಕುಂಟೆ ಹೊಡೆಯುವವರು ಅದರ ಫಲ ಉಣ್ಣುತ್ತಾರೆ.

ಅಂತರವನ್ನು ಚೈನಿನ ಹಲ್ಲುಗಾಲಿಯ ಜೋಡಿ ಬದಲಿಸಿ ಹೊಂದಿಸುತ್ತಾರೆ. ನೆಲಗಾಲಿಯ ಅಡ್ಡಗಾತ್ರ 60 ಸೆಂ.ಮೀ. ಎಂದಿಟ್ಟುಕೊಳ್ಳೋಣ, ಒಂದು ಸುತ್ತಿಗೆ 188 ಸೆಂ.ಮೀ. ಓಡುತ್ತದೆ. ಆ ಸುತ್ತಿನಲ್ಲಿ ಒಂಬತ್ತೂವರೆಗೆ ಹತ್ತಿರ ಬಟ್ಟಲುಗಳು ಹೊರಳಿದರೆ 20 ಸೆಂ.ಮೀ. ಅಂತರ. ಹೊಲದಲ್ಲಿ ಗಾಲಿ ಜಾರುತ್ತದೆ, ಉರುಳದೆ ಎಳೆಯಲ್ಪಡುತ್ತದೆ. ನೂರಕ್ಕೆ ಹತ್ತು ಜಾರಿದರೆ ಅಂತರ 22 ಸೆಂ.ಮೀ. ದಾಟಿ ಎಕರೆಗೆ ಮೂರು ಸಾವಿರಕ್ಕೂ ಹೆಚ್ಚು ಗಿಡ ಕಡಿಮೆಯಾಗುತ್ತವೆ. ಆದ್ದರಿಂದ ಅಂಗಳದಲ್ಲಿ ಗಾಲಿ ತಿರುಗಿಸಿ ಮಾಡಿದ ಲೆಕ್ಕ ಸಾಲದು. ಹೊಲದಲ್ಲಿ 20 ಮೀಟರ್ ಓಡಿಸಿ, ಮಣ್ಣು ಕೆದರಿ ಎಣಿಸಬೇಕು. ನೂರು ಗುಣಿಯಿರಬೇಕಾದಲ್ಲಿ ಹತ್ತು ಬರಿದು, ಎಂಟರಲ್ಲಿ ಜೋಡಿ ಬಿದ್ದಿದ್ದರೆ ಒಟ್ಟು 98 ಗಡ್ಡೆ ಸಿಗುತ್ತವೆ. ಬರೀ ಗಡ್ಡೆ ಎಣಿಸಿದವರಿಗೆ ಎಲ್ಲ ಸರಿ ಕಾಣುತ್ತದೆ. ಬರಿದನ್ನೂ ಜೋಡಿಯನ್ನೂ ಬೇರೆ ಬೇರೆ ಬರೆದುಕೊಳ್ಳಬೇಕು. ಬರಿದು ಹೆಚ್ಚಿದರೆ ವೇಗ ಇಳಿಸಿ, ಚೈನು ಬಿಗಿ ಮಾಡಿ, ತೊಟ್ಟಿಯಲ್ಲಿ ಗಡ್ಡೆ ತೀರಾ ತಳಕ್ಕಿಳಿಯದಂತೆ ನೋಡಿ. ಜೋಡಿ ಹೆಚ್ಚಿದರೆ ಬಟ್ಟಲಿಗೆ ಸಣ್ಣ ಒಳಬಟ್ಟಲು ಹಾಕಿ, ಕುಲುಕು ಜೋರು ಮಾಡಿ.

ಗೊಬ್ಬರವನ್ನೂ ಹೀಗೆಯೇ ಅಳೆಯಬಹುದು. ಎಕರೆಗೆ ಎರಡು ಚೀಲ, ಅಂದರೆ 100 ಕಿಲೋ ಡಿಎಪಿ ಹಾಕಬೇಕಿದ್ದರೆ, 60 ಸೆಂ.ಮೀ. ಸಾಲಿನಲ್ಲಿ ಪ್ರತಿ 20 ಮೀಟರಿಗೆ ಒಂದು ಕೊಳವೆಯಿಂದ 300 ಗ್ರಾಮಿನಷ್ಟು ಬೀಳಬೇಕು. ಕೊಳವೆಯ ಬಾಯಿಗೆ ಚೀಲ ಕಟ್ಟಿ ತೂಗಿದರಾಯಿತು. ಗೊಬ್ಬರ ಗಡ್ಡೆಯ ಪಕ್ಕಕ್ಕೆ ಮತ್ತು ಕೆಳಕ್ಕೆ ಸುಮಾರು 5 ಸೆಂ.ಮೀ. ದೂರ ಬೀಳಬೇಕು. ಹೋಳಿನ ಗಾಯಕ್ಕೆ ತಾಗಿದರೆ ಸುಡುತ್ತದೆ.

ಆಳದ ವಿಚಾರದಲ್ಲಿ ಹೈಡ್ರಾಲಿಕ್ ಸನ್ನೆಯನ್ನು ಮುಟ್ಟುತ್ತಿರುವುದು ತಪ್ಪು ಅಭ್ಯಾಸ. ಯಂತ್ರಕ್ಕೆ ಆಳ ಹಿಡಿಯುವ ಗಾಲಿಯಿದ್ದರೆ ಭಾರ ಅದರ ಮೇಲೆ ಬಿಡಬೇಕು. ನೆಲಮಟ್ಟದಿಂದ 5–7 ಸೆಂ.ಮೀ. ಕೆಳಗೆ ಗಡ್ಡೆ, ಮೇಲೆ ಬೋದು: ಮುಂಗಾರಿಗೆ ಇದು ಸಾಕು. ಆಳವಾದರೆ ಮಳೆ ಹಿಡಿದ ವಾರದಲ್ಲಿ ಕೊಳೆಯುತ್ತದೆ.

ನಿರ್ವಹಣೆ

ಯಂತ್ರಕ್ಕೆ ಮಣ್ಣಿಗಿಂತ ದೊಡ್ಡ ಶತ್ರು ಗೊಬ್ಬರ. ಯೂರಿಯಾ, ಡಿಎಪಿ ಗಾಳಿಯ ತೇವ ಹೀರಿ ರಾತ್ರಿಯೊಳಗೆ ಗಟ್ಟಿಯಾಗಿ, ಪೆಟ್ಟಿಗೆಯ ತಳದ ಕವಾಟ ಮತ್ತು ತಿರುಗುವ ಕಡ್ಡಿಯನ್ನು ತುಕ್ಕು ಹಿಡಿಸುತ್ತವೆ. ಸಂಜೆ ಪೆಟ್ಟಿಗೆ ಬರಿದು ಮಾಡಿ ತೊಳೆದು ಒಣಗಿಸಿ ಎಣ್ಣೆ ಸವರಬೇಕು. ಮರುದಿನ ಮತ್ತೆ ಕೆಲಸವಿದೆಯೆಂದು ಬಿಟ್ಟವರ ಯಂತ್ರಗಳಲ್ಲಿ ಮೊದಲು ಹೋಗುವುದು ಇದೇ ಭಾಗ.

ಚೈನಿಗೆ ದಿನವೂ ಎಣ್ಣೆ, ಬೇರಿಂಗುಗಳಿಗೆ ಗ್ರೀಸ್. ಬೆರಳಿನಿಂದ ಒತ್ತಿದಾಗ ಚೈನು ಸ್ವಲ್ಪ ಬಾಗಬೇಕು. ತೀರಾ ಸಡಿಲವಾದರೆ ಹಲ್ಲು ಹಾರಿ ಸಾಲಿನಲ್ಲಿ ಗಜಗಟ್ಟಲೆ ಗಡ್ಡೆ ಬೀಳದೆ ಹೋಗುತ್ತದೆ, ಚಾಲಕನಿಗೆ ಗೊತ್ತಾಗುವುದಿಲ್ಲ. ಸವೆದ ಕುಳ ಸಾಲನ್ನು ಸೀಳುವ ಬದಲು ತಳ್ಳುತ್ತದೆ. ಬಟ್ಟಲುಗಳ ಪಿಷ್ಟವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಒಂದು ಹೊಲದಿಂದ ಇನ್ನೊಂದಕ್ಕೆ, ಒಬ್ಬರ ಬೀಜದಿಂದ ಇನ್ನೊಬ್ಬರದಕ್ಕೆ ಹೋಗುವಾಗ ತೊಟ್ಟಿ ಮತ್ತು ಬಟ್ಟಲನ್ನು ತೊಳೆಯುವುದು ಸೊರಗು ರೋಗವಿರುವ ಕಡೆ ಕಡ್ಡಾಯವೆಂದೇ ತಿಳಿಯಬೇಕು. ಬಾಡಿಗೆಗೆ ಊರೂರು ಸುತ್ತುವ ಯಂತ್ರಕ್ಕೆ ಇದು ಇನ್ನೂ ಹೆಚ್ಚು ಅನ್ವಯ.

ಹಂಗಾಮು ಮುಗಿದ ಮೇಲೆ ಬೆಲ್ಟಿನ ಬಿಗಿ ಸಡಿಲಿಸಿ, ಕುಳಗಳಿಗೆ ಗ್ರೀಸ್ ಸವರಿ, ಯಂತ್ರವನ್ನು ಮರದ ದಿಮ್ಮಿಗಳ ಮೇಲೆ ನೆರಳಿನಲ್ಲಿ ಇಳಿಸಿಡಬೇಕು. ಕರ್ನಾಟಕ ಸರ್ಕಾರ 2014–15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಕೇಂದ್ರಗಳು ಬಾಡಿಗೆ ಯಂತ್ರದ ಪದ್ಧತಿಯನ್ನು ಹೋಬಳಿಗಳಿಗೆ ತಂದವು. ವರ್ಷಕ್ಕೆ ಕೆಲವೇ ದಿನ ದುಡಿಯುವ ನಾಟಿ ಯಂತ್ರವನ್ನು ಒಬ್ಬನೇ ಕೊಳ್ಳುವುದಕ್ಕಿಂತ ಬಾಡಿಗೆಯೋ ಪಾಲುಗಾರಿಕೆಯೋ ಲೇಸು.

ಎಚ್ಚರಿಕೆ

ಕುಳ ನೆಲದಲ್ಲಿರುವಾಗ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸಬಾರದು. ಕೊಳವೆ ಮಣ್ಣಿನಿಂದ ಮುಚ್ಚಿಹೋಗುತ್ತದೆ, ಚೌಕಟ್ಟು ಬಾಗುತ್ತದೆ. ಸೀಟಿಲ್ಲದ ಯಂತ್ರದ ಮೇಲೆ ಗಡ್ಡೆ ಸರಿಮಾಡಲೆಂದು ಯಾರೂ ಏರಿ ನಿಲ್ಲಕೂಡದು. ಸಿಕ್ಕಿಕೊಂಡ ಗಡ್ಡೆ ತೆಗೆಯುವ ಮುನ್ನ ಎಂಜಿನ್ ನಿಲ್ಲಿಸಿ ಯಂತ್ರವನ್ನು ನೆಲಕ್ಕಿಳಿಸಬೇಕು. ಔಷಧಿ ಹಚ್ಚಿದ ಬೀಜವನ್ನು ಕೈಗವಸು ಹಾಕಿ ಮುಟ್ಟಬೇಕು. ನಾಟಿ ಮುಗಿದು ತೊಟ್ಟಿಯಲ್ಲಿ ಉಳಿದ ಗಡ್ಡೆಯನ್ನು ಅಡುಗೆಗೂ ಬಳಸಬಾರದು, ದನಕ್ಕೂ ಹಾಕಬಾರದು.